ಅರ್ಧ ಮೀಟರ್ ಸುಳ್ಳು

14 ಮಾರ್ಚ್ 2024, ಗುರುವಾರ

ಹಳೇ ಕಬ್ಬಿಣದ ಪೈಪು 1.2 ಮೀಟರ್ ಆಳದಲ್ಲಿದೆ, 1 ಮೀಟರ್‌ವರೆಗೆ ಧೈರ್ಯವಾಗಿ ಅಗೆಯಿರಿ ಅಂತ ಹೇಳಿದವನು ನಾನೇ. 70 ಸೆಂಟಿಮೀಟರಿಗೇ ಠಣ್ ಅಂತು. ಪುಣ್ಯಕ್ಕೆ ಒಡೆಯಲಿಲ್ಲ. ಅಗೆಯುತ್ತಿದ್ದಾತ ಏನೂ ಅನ್ನಲಿಲ್ಲ, ಹಾರೆ ಊರಿ ನಿಂತು ನನ್ನ ಗಾಡಿಯನ್ನೊಮ್ಮೆ ನೋಡಿದ. ಬೈದಿದ್ದರೇ ವಾಸಿಯಿತ್ತು.

ಗಾಡಿ ಅಂದರೆ ಜಿಪಿಆರ್, ನೆಲದೊಳಗನ್ನು ನೋಡುವ ರೇಡಾರ್. ತಳದಲ್ಲಿ 400 ಮೆಗಾಹರ್ಟ್ಸ್ ಆಂಟೆನಾ. ಪೈಪನ್ನು ಅಡ್ಡ ಹಾಯ್ದು ತಳ್ಳಿಕೊಂಡು ಹೋದರೆ ಸ್ಕ್ರೀನಿನ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಗೆರೆ ಮೂಡುತ್ತದೆ. ಪೈಪು ಗುಂಡಗಿರುವುದರಿಂದಲ್ಲ. ಗಾಡಿ ಇನ್ನೂ ದೂರ ಇರುವಾಗಲೇ ತರಂಗ ಓರೆಯಾಗಿ ಹೋಗಿ ಪೈಪಿಗೆ ತಾಗಿ ಬರುತ್ತದೆ. ದಾರಿ ಉದ್ದ, ಗೆರೆ ಕೆಳಗೆ. ನೇರ ಮೇಲೆ ಬಂದಾಗ ದಾರಿ ಗಿಡ್ಡ, ಗೆರೆ ಮೇಲೆ.

ಆದರೆ ಆಳ ಯಂತ್ರಕ್ಕೆ ಗೊತ್ತಿಲ್ಲ. ಅದು ಅಳೆಯುವುದು ತರಂಗ ಹೋಗಿಬಂದ ಹೊತ್ತನ್ನು ಮಾತ್ರ. ಇವತ್ತು 20 ನ್ಯಾನೋಸೆಕೆಂಡ್. ವೇಗವನ್ನು ನಾವು ತುಂಬಬೇಕು. ಗಾಳಿಯಲ್ಲಿ ನ್ಯಾನೋಸೆಕೆಂಡಿಗೆ 30 ಸೆಂ.ಮೀ., ಒಣ ಮಣ್ಣಲ್ಲಿ 12ರ ಆಸುಪಾಸು, ನೆಂದ ಮಣ್ಣಲ್ಲಿ 7ಕ್ಕೂ ಇಳಿದೀತು. ಬರೀ ನೀರಲ್ಲಿ 3 ಚಿಲ್ಲರೆ. ಹೋದ ವಾರದ ಒಣ ನೆಲಕ್ಕೆ ಹಾಕಿದ್ದ 12 ಹಾಗೇ ಉಳಿದಿತ್ತು. ಹೋಗುವ 10 ನ್ಯಾನೋಸೆಕೆಂಡಿಗೆ 12ರಂತೆ 1.2 ಮೀಟರ್, 7ರಂತೆ 70 ಸೆಂಟಿಮೀಟರ್. ರಾತ್ರಿಯೆಲ್ಲ ಮಳೆ ಸುರಿದದ್ದನ್ನು ಬೂಟಿಗೆ ಮೆತ್ತಿದ ಕೆಸರು ಹೇಳುತ್ತಲೇ ಇತ್ತು.

ಅದಕ್ಕಿಂತ ನಾಚಿಕೆಗೇಡು, ಉತ್ತರ ಆ ಬೋಗುಣಿಯಲ್ಲೇ ಇತ್ತು. ವೇಗ ಕಡಿಮೆಯಾದಷ್ಟೂ ಅದರ ಬದಿಗಳು ಕಡಿದಾಗುತ್ತವೆ. ಒಂದೊಂದು ವೇಗಕ್ಕೆ ಸಾಫ್ಟ್‌ವೇರ್ ಬಿಡಿಸುವ ಗೆರೆಯನ್ನು ಅದರ ಮೇಲೆ ಕೂರಿಸಿ, ಯಾವುದು ಹೊಂದುತ್ತದೆಂದು ನೋಡಿದ್ದರೆ ಮುಗಿದಿತ್ತು, ಅರ್ಧ ನಿಮಿಷದ ಕೆಲಸ.

(ಮಂಜುಗಡ್ಡೆಯವರನ್ನು ಕಂಡರೆ ಹೊಟ್ಟೆಕಿಚ್ಚು. ಅಂಟಾರ್ಟಿಕದ ವೋಸ್ಟಾಕ್ ಸರೋವರದ ಸುಳಿವನ್ನು 1970ರ ದಶಕದಲ್ಲೇ ವಿಮಾನದಿಂದ ರೇಡಿಯೋ ತರಂಗ ಹಾಯಿಸಿ ಹಿಡಿದರು, ಸುಮಾರು 4 ಕಿಲೋಮೀಟರ್ ಮಂಜಿನಡಿ! ನಮಗೆ ಒದ್ದೆ ಜೇಡಿಮಣ್ಣು ಸಿಕ್ಕರೆ 1 ಮೀಟರಿಗೇ ತರಂಗ ಸುಸ್ತು.)

ಮಧ್ಯಾಹ್ನ ಉಳಿದ ಎರಡು ಬೋಗುಣಿಗಳಿಗೂ ಗೆರೆ ಹೊಂದಿಸಿ ಆಳ ತಿದ್ದಿದೆ. ಸುಣ್ಣದ ಗುರುತಿನ ಪಕ್ಕ 65 ಎಂದು ಬರೆದುಕೊಟ್ಟೆ. ಆತ 40ಕ್ಕೇ ಹಾರೆ ಬದಿಗಿಟ್ಟು ಕೈಯಲ್ಲಿ ಮಣ್ಣು ಕೆದಕತೊಡಗಿದ.