ಅಪ್ಪಯ್ಯನ ಸ್ನಾನ, ಈ ಮಳೆಗಾಲದಲ್ಲಿ

ಶಿರಸಿ, 14 ಜುಲೈ 2025, ಸೋಮವಾರ

ಇವತ್ತು ಅಪ್ಪಯ್ಯನಿಗೆ ಸ್ನಾನದ ದಿನ. ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ದಿನ ಬಿಟ್ಟು ದಿನ ಸ್ನಾನ ಮಾಡಿಸುತ್ತೇವೆ. ನಡುವಿನ ದಿನ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುವುದು, ಅಷ್ಟೇ. ವಯಸ್ಸಾದವರ ಚರ್ಮ ತೆಳು. ದಿನಾ ಸೋಪು ಉಜ್ಜಿದರೆ ಒಣಗಿ ತುರಿಕೆ ಜಾಸ್ತಿಯಾಗುತ್ತದೆ.

ಸ್ನಾನ ಅಂದಕೂಡಲೇ ನೀರು, ಸೋಪು ನೆನಪಾಗುತ್ತದೆ ಅಲ್ವಾ? ನನಗೀಗ ಅದು ಏಳಿಸುವ, ತಿರುಗಿಸುವ, ಕೂರಿಸುವ ಕೆಲಸ. ಬೀಳುವುದೆಲ್ಲ ಆ ಹೊತ್ತಿಗೇ. ಹಾಗಾಗಿ ನೀರು ಕಾಯಿಸುವ ಮೊದಲು ನೆಲ ನೋಡುತ್ತೇನೆ. ನಮ್ಮ ಬಚ್ಚಲು ಹಿತ್ತಲ ಕಡೆಗಿದೆ, ಆಷಾಢದಲ್ಲಿ ಒಣಗುವ ಮಾತೇ ಇಲ್ಲ, ಎರಡು ದಿನ ಬಿಟ್ಟರೆ ಸಾಕು ಮೂಲೆಯಿಂದ ಹಾವಸೆ ಹಬ್ಬಲು ಶುರು. ನಿನ್ನೆ ಸಂಜೆಯೇ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದಿಟ್ಟೆ. ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಮಾತ್ರ ಯಾರೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಗೋಡೆಯ ಹಿಡಿಕೆ ಕೂರಿಸಿದ್ದು ದೊಡ್ಡ ಕೆಲಸವಾಯಿತು. ನಮ್ಮದು ಚಿರೆಕಲ್ಲಿನ ಗೋಡೆ. ಸಾದಾ ಪ್ಲಗ್ ಹೊಡೆದು ಸ್ಕ್ರೂ ಹಾಕಿದರೆ ಎರಡು ಸಲ ಜಗ್ಗುವುದರೊಳಗೆ ಪುಡಿಯಾಗಿ ಕಿತ್ತು ಬರುತ್ತದೆ. ಗೌಂಡಿ ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು, ಗೋಡೆ ತೂರಿಸಿ ಉದ್ದನೆಯ ಬೋಲ್ಟ್ ಬಿಗಿದ. ಈಗ ನಾನೇ ಜೋತುಬಿದ್ದರೂ ಅಲ್ಲಾಡುವುದಿಲ್ಲ. ಟವೆಲ್ ಹಾಕುವ ರಾಡನ್ನು ಹಿಡಿದು ಏಳಲು ಹೋಗುವವರು ಬಹಳ ಜನ, ಅದು ಅಷ್ಟು ಭಾರಕ್ಕೆ ಮಾಡಿದ್ದೇ ಅಲ್ಲ. ಹಿಡಿಕೆ ಬಲಗೈಗೆ, ಅಂದರೆ ಶಕ್ತಿ ಇರುವ ಕೈಗೆ ಸಿಗುವ ಹಾಗೆ ಕುರ್ಚಿ ಇಡುತ್ತೇನೆ. ಕುರ್ಚಿ ಕಾಲಿಗೆ ರಬ್ಬರ್ ಬುಷ್ ಇರಲೇಬೇಕು. ಎತ್ತರ ಎಷ್ಟೆಂದರೆ, ಕೂತಾಗ ಅಪ್ಪಯ್ಯನ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಜಗುಲಿಯ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಬಿಡುತ್ತವೆ.

ಕರೆದುಕೊಂಡು ಹೋಗುವಾಗ ನಾನು ಎಡಗಡೆ, ಒಂಚೂರು ಹಿಂದೆ ನಿಲ್ಲುತ್ತೇನೆ. ಸೊಂಟಕ್ಕೆ ಬೆಲ್ಟ್ ಕಟ್ಟಿರುತ್ತೇವೆ, ಹಿಡಿಯುವುದು ಅದನ್ನೇ. ಸೋತ ಕೈಯನ್ನು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಲೂಬಾರದು. ಆ ಭುಜದ ಕೀಲನ್ನು ಬಿಗಿಯಾಗಿ ಹಿಡಿದಿಡುವ ಸ್ನಾಯುಗಳೇ ಸಡಿಲಾಗಿರುತ್ತವೆ, ಜಗ್ಗಿದರೆ ಜಾರಿ ನೋವು ಹಿಡಿದುಕೊಳ್ಳುತ್ತದೆ. ಇದನ್ನು ಬಂದುಹೋಗುವ ನೆಂಟರಿಗೂ ಹೇಳಿಟ್ಟಿದ್ದೇನೆ, ಪ್ರೀತಿಯಿಂದ ಕೈ ಹಿಡಿದು ಎಬ್ಬಿಸಲು ಬರುವವರು ಅವರೇ.

ನೀರಿನದು ಇನ್ನೊಂದು ಕಥೆ. ಅಡಿಕೆ ಸಿಪ್ಪೆ ಉರಿಯಲ್ಲಿ ಹಂಡೆ ಕುದಿಯುತ್ತಾ ಇರುತ್ತದೆ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ ನೀರಿಗೆ ದೊಡ್ಡವರ ಚರ್ಮ ಸುಡಲು ಐದು ಸೆಕೆಂಡು ಸಾಕು, ಸ್ನಾನಕ್ಕೆ 37ರಿಂದ 40 ಡಿಗ್ರಿ ಧಾರಾಳವಾಯಿತು. ನನ್ನ ಮೊಣಕೈ ಅದ್ದಿ ನೋಡಿ, ನಂತರ ಅಪ್ಪಯ್ಯನ ಬಲಗೈಗೆ ಹೊಯ್ದು ಕೇಳುತ್ತೇನೆ. ಎಡಗಡೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟರೂ ಸುಮ್ನೆ ಕೂತಿರುತ್ತಾರೆ. ಗ್ಯಾಸ್ ಗೀಸರ್ ಇರುವ ಮನೆಯವರು ಅದನ್ನು ಬಚ್ಚಲಿನ ಹೊರಗೇ ಕೂರಿಸಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಜೀವವೇ ಹೋಗುತ್ತದೆ. ನಮ್ಮ ಬಚ್ಚಲ ಒಳಗಿನ ಚಿಲಕವನ್ನಂತೂ ತೆಗೆಸಿಯೇ ಬಿಟ್ಟಿದ್ದೇವೆ.

ಕೂತ ಮೇಲೆ ತೊಡೆಯ ಮೇಲೆ ಒಂದು ಪಂಚೆ ಹರಡುತ್ತೇನೆ, ಕೊನೆಯವರೆಗೂ ಅದು ಅಲ್ಲೇ ಇರುತ್ತದೆ. ಮುಖ, ಎದೆ ಅವರೇ ತೊಳೆದುಕೊಳ್ಳುತ್ತಾರೆ. ಸೋಪು ಜಾರಬಾರದು ಅಂತ ಹಳೆಯ ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ ಕೊಟ್ಟಿದ್ದೇನೆ. ಕೆಳಗಿನ ಭಾಗ ತೊಳೆದುಕೊಳ್ಳುವಾಗ ನಾನು ಮುಖ ಆಚೆ ತಿರುಗಿಸಿ ನಿಲ್ಲುತ್ತೇನೆ, ಆದರೆ ಒಂದು ಕೈ ಬೆಲ್ಟ್ ಮೇಲೆ. ನಿಧಾನ ಆಗುತ್ತದೆ, ಆಗಲಿ. ನಮ್ಮನ್ನೆಲ್ಲ ಮೀಯಿಸಿ ಬೆಳೆಸಿದ ಅಪ್ಪ. ಅವರಿಂದ ಆಗುವ ಕೆಲಸವನ್ನು ಗಡಿಬಿಡಿಯಲ್ಲಿ ನಾನು ಕಸಿದುಕೊಳ್ಳಬಾರದು. ನನ್ನ ಪಾಲಿಗೆ ಬರುವುದು ಬೆನ್ನು, ಕಾಲು, ಆ ಎಡಗೈಯ ಮುಚ್ಚಿದ ಮುಷ್ಟಿ. ಅದನ್ನು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಬೆರಳು ತಾನಾಗಿ ಸಡಿಲುತ್ತದೆ, ಆಗ ಅಂಗೈ ತೊಳೆದು ಒರೆಸುತ್ತೇನೆ. ಬಿಟ್ಟರೆ ಅಲ್ಲಿ ಬೆವರು ನಿಂತು ಹುಣ್ಣಾಗುತ್ತದೆ.

"ಬೆನ್ನಿಗೆ ಇನ್ನೊಂದು ತಂಬಿಗೆ ಹೊಯ್ಯೋ" ಅಂದರು ಇವತ್ತು. ಮಾತು ತೊದಲುತ್ತದೆ, ಆದರೂ ಸ್ಪಷ್ಟವಾಗಿ ಕೇಳಿತು. ಎರಡು ತಂಬಿಗೆ ಹೊಯ್ದೆ.

ಒರೆಸುವಾಗ ಬೆನ್ನಿನ ಬುಡದಲ್ಲಿ ಎಂಟಾಣೆ ಅಗಲ ಕೆಂಪಾಗಿದ್ದು ಕಂಡಿತು. ಬೆರಳಲ್ಲಿ ಒತ್ತಿ ಬಿಟ್ಟೆ, ಬೆಳ್ಳಗಾಗಿ ಮತ್ತೆ ಕೆಂಪಾಯಿತು. ಒತ್ತಿದರೂ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಶುರು, ಡಾಕ್ಟರಿಗೆ ತೋರಿಸಬೇಕು. ಅಂಥ ಜಾಗವನ್ನು ತಿಕ್ಕಲೇಬಾರದು. ಇವತ್ತು ಮಧ್ಯಾಹ್ನದಿಂದ ಆರಾಮ ಕುರ್ಚಿಯಲ್ಲಿ ಕೂರಿಸುವುದು ಬಿಟ್ಟು, ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೇವೆ. ಕಂಕುಳು, ತೊಡೆಸಂದು, ಕಾಲ್ಬೆರಳ ಸಂದು ಒತ್ತಿ ಒತ್ತಿ ಒಣಗಿಸಿದೆ. ಈ ಹವಾಮಾನಕ್ಕೆ ಅಲ್ಲಿ ಫಂಗಸ್ ಹಿಡಿಯಲು ಹೊತ್ತು ಬೇಡ.

ಅಂಗಿ ಹಾಕುವಾಗ ಎಡಗೈ ಮೊದಲು, ಬಿಚ್ಚುವಾಗ ಎಡಗೈ ಕೊನೆಗೆ. ಎದ್ದಕೂಡಲೇ ನಡೆಸುವುದಿಲ್ಲ. ಬಿಸಿನೀರಿಗೆ ಬಿಪಿ ಇಳಿದು ತಲೆ ಸುತ್ತುವುದುಂಟು, ಬಿಪಿ ಮಾತ್ರೆ ತಗೊಳ್ಳುವವರಿಗಂತೂ ಇನ್ನೂ ಜಾಸ್ತಿ.

ಇನ್ನು ಬಾಕಿ ಇರುವುದು ಬಚ್ಚಲ ಹೊಸ್ತಿಲು. ಕಾಲೆತ್ತುವಾಗ ಎಡಪಾದ ಅಲ್ಲೇ ತಾಗುತ್ತದೆ. ಇಳಿಜಾರು ಮಾಡಿಕೊಡಲು ಗೌಂಡಿಗೆ ಹೇಳಿದ್ದೇನೆ, ಮಳೆ ಸ್ವಲ್ಪ ಬಿಟ್ಟರೆ ಬರುತ್ತಾನಂತೆ. ಅಲ್ಲಿವರೆಗೆ ಸ್ನಾನದ ದಿನ ತಮ್ಮನೂ ಮನೆಯಲ್ಲಿರಬೇಕು, ಹೊಸ್ತಿಲ ಹತ್ತಿರ ಇಬ್ಬರು ಬೇಕೇ ಬೇಕು.