ಬಿಲಿಂಗ್‌ನ ಇಳಿಜಾರಿನಲ್ಲಿ ಓಡಿದ್ದು

ಹಿಮಾಚಲದ ಬೀರ್‌ಗೆ ಹೋಗುವವರು ಹೆಚ್ಚಾಗಿ ಹೋಗುವುದು ಹಾರುವುದಕ್ಕೇ. ನಾನು ಹೋಗಿದ್ದು ಟಿಬೆಟನ್ ಕಾಲೋನಿ ನೋಡೋಕೆ, ಚಹಾ ತೋಟದಲ್ಲಿ ಓಡಾಡೋಕೆ, ಬೈಜನಾಥದ ಹಳೇ ಶಿವ ದೇವಸ್ಥಾನಕ್ಕೆ. ಕನಿಷ್ಠ ತಮ್ಮನಿಗೆ ಹಾಗೆ ಹೇಳಿದ್ದೆ. ಅವನು ಹೂಂ ಹೂಂ ಅಂದುಕೊಂಡೇ ಇಬ್ಬರ ಹೆಸರಲ್ಲೂ ಪ್ಯಾರಾಗ್ಲೈಡಿಂಗ್ ಬುಕ್ ಮಾಡಿಟ್ಟಿದ್ದ.

ದೆಹಲಿಯಿಂದ ರಾತ್ರಿ ಬಸ್ಸು. ಪಠಾಣಕೋಟ್‌ನಿಂದ ಜೋಗಿಂದರ್ ನಗರಕ್ಕೆ ಹೋಗುವ ಪುಟ್ಟ ರೈಲಿನಲ್ಲಿ ಬರಬೇಕು ಅಂತ ನನಗೆ ಬಹಳ ಆಸೆಯಿತ್ತು. ಬ್ರಿಟಿಷರ ಕಾಲದ 164 ಕಿಲೋಮೀಟರ್ ನ್ಯಾರೋಗೇಜ್ ಹಾದಿ ಅದು. 2022ರ ಮಳೆಗಾಲದಲ್ಲಿ ಚಕ್ಕಿ ನದಿಯ ರೈಲು ಸೇತುವೆ ಕುಸಿದ ಮೇಲೆ ಆ ಹಾದಿಯ ಕಥೆ ನಂಬಿಕೊಂಡು ಹೊರಡುವ ಹಾಗಿರಲಿಲ್ಲ. ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಧೌಲಾಧಾರ್ ಸಾಲು ಕಾಣಿಸಿತು. ಬೆಟ್ಟ ಅಂದರೆ ನಮ್ಮ ಸಹ್ಯಾದ್ರಿಯ ಹಸಿರು ಗುಡ್ಡ ಅಂದುಕೊಂಡವರಿಗೆ ಇದು ಬೇರೆಯದೇ ಲೋಕ. ಗದ್ದೆಗಳು ಮುಗಿದ ಕಡೆಯಿಂದಲೇ ಗೋಡೆ ಎದ್ದು ನಿಂತಿದೆ.

ಬೀರ್‌ನ ಕಾಲೋನಿಯಲ್ಲಿ ಕಾಲಿಟ್ಟರೆ ಬೈಲಕುಪ್ಪೆ ನೋಡಿದವರಿಗೆ ಹೊಸತು ಅನಿಸುವುದಿಲ್ಲ. ಅದೇ ಬಣ್ಣದ ಪತಾಕೆ, ಅದೇ ಮೋಮೊ ಅಂಗಡಿ, ಜಪಮಾಲೆ ತಿರುಗಿಸುತ್ತಾ ನಡೆಯುವ ಅದೇ ಅಜ್ಜಿಯಂದಿರು. ವ್ಯತ್ಯಾಸ ಇರುವುದು ತಲೆ ಎತ್ತಿದಾಗ. ಆಕಾಶದಲ್ಲಿ ಕೆಂಪು, ಹಳದಿ, ನೀಲಿ ರೆಕ್ಕೆಗಳು ಒಂದರ ಮೇಲೊಂದು ಸುತ್ತು ಹಾಕುತ್ತಿರುತ್ತವೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಇಲ್ಲೇ ನಡೆದಿತ್ತು. ಊರಿನ ಮಕ್ಕಳಿಗೆ ಅದೆಲ್ಲ ಮಾಮೂಲು, ಮೇಲೆ ನೋಡುವುದೇ ಇಲ್ಲ. ನಾನೊಬ್ಬಳೇ ಚಹಾ ಆರುವ ತನಕ ಬಾಯಿ ತೆರೆದುಕೊಂಡು ನೋಡಿದೆ.

ಎತ್ತರ ಅಂದರೆ ನನಗಿರುವ ಹೆದರಿಕೆಯ ಬಗ್ಗೆ ಸ್ವಲ್ಪ ಹೇಳಬೇಕು. ಜೋಗದಲ್ಲಿ ಹಿಂದೆಲ್ಲ ಜನ ರಾಜಾ ಧುಮುಕುವ ಕಡೆ ಬಂಡೆಯ ಮೇಲೆ ಬೋರಲು ಮಲಗಿ ಕೆಳಗೆ ಇಣುಕುತ್ತಿದ್ದರು. ನಾವು ಚಿಕ್ಕವರಿದ್ದಾಗ ಅಪ್ಪ ನನ್ನನ್ನೂ ಮಲಗಿಸಿ, ಕಾಲು ಹಿಡಿದುಕೊಂಡು, ನೋಡು ಅಂದರು. ನಾನು ನೋಡಿದ್ದು ಬಂಡೆಯ ಮೇಲಿನ ಪಾಚಿಯನ್ನು ಮಾತ್ರ. ಕುತ್ತಿಗೆ ಮುಂದೆ ಹೋಗಲೇ ಇಲ್ಲ. ಜೋಗದ ಆಳ 253 ಮೀಟರ್. ಹಾರಾಟ ಶುರುವಾಗುವ ಬಿಲಿಂಗ್ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ, ಇಳಿಯುವ ಮೈದಾನ ಅಲ್ಲಿಂದ ಹೆಚ್ಚುಕಡಿಮೆ 900 ಮೀಟರ್ ಕೆಳಗೆ. ಮೂರು ಜೋಗಕ್ಕಿಂತ ಜಾಸ್ತಿ. ರಾತ್ರಿ ಮಲಗಿದಾಗ ಈ ಲೆಕ್ಕ ಯಾಕೆ ಹಾಕಿದೆನೋ.

ಬೀರ್‌ನಿಂದ ಬಿಲಿಂಗ್‌ಗೆ ರಸ್ತೆಯಲ್ಲಿ 14 ಕಿಲೋಮೀಟರ್. ಜೀಪಿನ ತಲೆಯ ಮೇಲೆ ರೆಕ್ಕೆಗಳ ದೊಡ್ಡ ದೊಡ್ಡ ಚೀಲ, ಒಳಗೆ ನಾವು. ದೇವದಾರು ಮರಗಳ ನಡುವೆ ಕಿರಿದಾದ ರಸ್ತೆ, ಒಂದು ಬದಿಗೆ ತಡೆಗೋಡೆಯೂ ಇಲ್ಲದ ಕಣಿವೆ. ಚಾಲಕ ಒಂದು ಕೈಯಲ್ಲಿ ಫೋನ್ ಹಿಡಿದಿದ್ದ. ಇವನ ಜೀಪಿಗಿಂತ ಹಾರುವುದೇ ಸುರಕ್ಷಿತ ಇರಬೇಕು ಅಂತ ಮೊದಲ ಸಲ ಅನಿಸಿತು. ಕೆಳಗೆ ಒಂದು ಹಾಳೆಗೆ ಸಹಿ ಮಾಡಿಸಿಕೊಂಡಿದ್ದರು. ಏನಾದರೂ ಆದರೆ ಹೊಣೆ ನನ್ನದೇ ಅಂತ ಅದರ ಸಾರ. ಇಲ್ಲಿ ಅಪಘಾತಗಳಾಗಿವೆ, ಜನ ಸತ್ತಿದ್ದಾರೆ. ಅದನ್ನು ಮುಚ್ಚಿಟ್ಟು ‘ಏನೂ ಆಗಲ್ಲ ಮೇಡಂ’ ಅನ್ನುವವರನ್ನು ಕಂಡರೆ ನನಗೆ ಇನ್ನೂ ಹೆದರಿಕೆ. ನನ್ನ ಪೈಲಟ್ ಹಾಗನ್ನಲಿಲ್ಲ. ಪಕ್ಕದ ಹಳ್ಳಿಯ ಹುಡುಗ, ಬಿಸಿಲಿಗೆ ಸುಟ್ಟ ಮುಖ. ಪರವಾನಗಿ ತೋರಿಸು ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳದೆ ಜೇಬಿನಿಂದ ತೆಗೆದು ತೋರಿಸಿದ. ತೂಕ ಕೇಳಿದ. ನಾನು ಎರಡು ಕೆಜಿ ಕಮ್ಮಿ ಹೇಳಿದೆ, ಆಮೇಲೆ ಯೋಚಿಸಿ ಸರಿಯಾದ್ದೇ ಹೇಳಿದೆ.

ಮೇಲೆ ಹೋದರೆ ಗಾಳಿ ಸರಿ ಇಲ್ಲ. ಕೋಲಿಗೆ ಕಟ್ಟಿದ್ದ ಗಾಳಿಚೀಲ ಕಣಿವೆಯ ಕಡೆಗೆ ಬಾಲ ಚಾಚಿತ್ತು. ಅಂದರೆ ಗಾಳಿ ಹಿಂದಿನಿಂದ ಬೀಸುತ್ತಿದೆ. ಹಾರೋಕೆ ಬೇಕಾಗಿರುವುದು ಎದುರುಗಾಳಿ. ಎಲ್ಲರೂ ಕಾದೆವು. ಬಿಲಿಂಗ್‌ನ ಡಬ್ಬಾ ಅಂಗಡಿಗಳಲ್ಲಿ ಮ್ಯಾಗಿ ಬೇಯುತ್ತಿತ್ತು. ತಮ್ಮ ಎಂಜಿನಿಯರು, ಅವನಿಗೆ ವಿವರಿಸುವ ಚಟ. ‘ಅಕ್ಕ, ಈ ಸಾಲು ದಕ್ಷಿಣಕ್ಕೆ ಮುಖ ಮಾಡಿದೆ ನೋಡು. ಬಿಸಿಲು ನೇರ ಬಂಡೆಗೆ ಬೀಳತ್ತೆ. ಬಂಡೆ ಕಾದರೆ ಗಾಳಿ ಮೇಲೇಳತ್ತೆ. ಆ ಗಾಳಿ ಮೇಲೇ ಇವರೆಲ್ಲ ಗಂಟೆಗಟ್ಟಲೆ ತೇಲ್ತಾರೆ.’

‘ಸ್ವಲ್ಪ ಸುಮ್ನಿರ್ತೀಯಾ?’ ಅಂದೆ. ಆದರೆ ಕೇಳಿಸಿಕೊಂಡೆ. ಗಾಳಿಚೀಲವನ್ನೇ ನೋಡುತ್ತಾ ಕೂತಿದ್ದರಿಂದ, ಅದು ನಿಧಾನಕ್ಕೆ ತಿರುಗಿ ನಮ್ಮ ಕಡೆ ಬಾಲ ಚಾಚಿದ್ದು ಪೈಲಟ್‌ಗಳಿಗಿಂತ ಮೊದಲು ನಾನೇ ಕಂಡೆ ಅನಿಸುತ್ತದೆ. ಹೊಟ್ಟೆಯೊಳಗೆ ತಣ್ಣಗಾಯಿತು. ವಾಪಸ್ ಹೋಗೋಕೆ ನೆಪ ಇನ್ನು ಉಳಿದಿರಲಿಲ್ಲ.

ಹೆಲ್ಮೆಟ್, ಆಮೇಲೆ ಹಾರ್ನೆಸ್. ತೊಡೆಗೆ ಎರಡು ಪಟ್ಟಿ, ಎದೆಗೆ ಒಂದು. ಪೈಲಟ್ ಒಂದೊಂದನ್ನೂ ಎಳೆದು ನೋಡಿದ, ಕೊಕ್ಕೆಗಳನ್ನು ಸಿಕ್ಕಿಸಿ ಅದರ ಬಾಯಿ ಮುಚ್ಚಿದೆಯೇ ಅಂತ ಹೆಬ್ಬೆರಳಿನಿಂದ ಒತ್ತಿ ನೋಡಿದ. ಆ ಹೆಬ್ಬೆರಳು ನನಗೆ ಕೊಟ್ಟ ಧೈರ್ಯ ಯಾರ ಮಾತೂ ಕೊಡಲಿಲ್ಲ. ಹಿಂದೆ ಹುಲ್ಲಿನ ಮೇಲೆ ರೆಕ್ಕೆ ಹರಡಿತ್ತು. ಅದರಿಂದ ಬರುವ ಎಳೆಗಳಿಗೆ ಹಗ್ಗ ಅನ್ನೋದೇ ಹೆಚ್ಚು, ದಪ್ಪನೆಯ ದಾರ ಅಷ್ಟೇ. ಇಬ್ಬರನ್ನು ಇವೇ ಹೊರಬೇಕು.

‘ದೌಡ್‌ನಾ ಹೈ, ಬೈಠ್‌ನಾ ನಹೀ,’ ಅಂದ. ಓಡಬೇಕು, ಕೂರಬಾರದು. ಹೆದರಿದವರು ಅರ್ಧ ದಾರಿಯಲ್ಲಿ ಕೂತುಬಿಡುತ್ತಾರಂತೆ. ಓಟದ ವೇಗಕ್ಕೆ ರೆಕ್ಕೆಯ ಬಾಯಿಗಳಿಂದ ಗಾಳಿ ತುಂಬಿಕೊಂಡರೆ ಮಾತ್ರ ಅದು ರೆಕ್ಕೆ, ಇಲ್ಲದಿದ್ದರೆ ಸುಮ್ನೆ ಬಟ್ಟೆ.

ದೌಡೋ ಅಂದ. ಓಡಿದೆ. ರೆಕ್ಕೆ ಮೇಲೇಳುವಾಗ ಯಾರೋ ಭುಜ ಹಿಡಿದು ಹಿಂದಕ್ಕೆ ಜಗ್ಗಿದ ಹಾಗಾಯಿತು, ಆದರೂ ಬಗ್ಗಿ ಓಡಿದೆ. ಇಳಿಜಾರಿನ ಕೊನೆ ಬರುವುದು ಕಾಣುತ್ತಿತ್ತು. ಅಲ್ಲಿ ತಲುಪುವ ಮೊದಲೇ ನನ್ನ ಶೂಗಳು ಗಾಳಿಯಲ್ಲಿ ಓಡುತ್ತಿದ್ದವು. ಹಿಂದಿನಿಂದ ನಗು ಕೇಳಿಸಿತು. ‘ಬಸ್ ಮೇಡಂ, ಅಬ್ ಬೈಠೋ.’ ಸಾಕು, ಈಗ ಕೂರಿ.

ಹೆದರಿಕೆಗೆ ಕಾದೆ. ಬರಲಿಲ್ಲ. ಕೆಳಗೆ ಕಾಡು, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಮಠದ ಹೊಳೆಯುವ ಚಾವಣಿ. ನನ್ನ ಕಾಲುಗಳು ಅದೆಲ್ಲದರ ಮೇಲೆ ತೂಗಾಡುತ್ತಿದ್ದವು. ಜೋಗದ ಬಂಡೆಯ ಮೇಲೆ ಆಗದ್ದು ಇಲ್ಲಿ ಹೇಗಾಯಿತು? ನನಗೆ ಇದ್ದದ್ದು ಅಂಚಿನ ಹೆದರಿಕೆ ಅಂತ ಕಾಣುತ್ತದೆ. ಬಂಡೆ ಮುಗಿಯುವ ಆ ಗೆರೆ ಇರುತ್ತದಲ್ಲ, ಅಲ್ಲಿ ಜಾರಿದರೆ ಅನ್ನುವ ಯೋಚನೆಗೆ ಮೈ ನಡುಗುತ್ತದೆ. ಗಾಳಿಯಲ್ಲಿ ಅಂಚೇ ಇಲ್ಲ. ಜಾರೋಕೆ ಜಾಗ ಇಲ್ಲ. ನೆಲ ಎಷ್ಟು ದೂರ ಅಂದರೆ ಅದು ನಕ್ಷೆ, ಅದರಲ್ಲಿ ಬೀಳುವುದನ್ನು ಮನಸ್ಸು ಕಲ್ಪಿಸಿಕೊಳ್ಳುವುದೇ ಇಲ್ಲ. ಇದು ಎಲ್ಲರಿಗೂ ಹೀಗೇ ಅಂತ ಹೇಳಲಾರೆ. ಎತ್ತರಕ್ಕೆ ಹೆದರುವವರು ತಮ್ಮದು ಯಾವ ಬಗೆಯ ಹೆದರಿಕೆ ಅಂತ ಒಮ್ಮೆ ಕೇಳಿಕೊಳ್ಳಬಹುದು.

ಪೈಲಟ್‌ನ ಯಂತ್ರ ಬೀಪ್ ಬೀಪ್ ಅನ್ನತೊಡಗಿತು. ಏರುವುದು ಜೋರಾದಷ್ಟೂ ಬೀಪ್ ಚುರುಕು. ಮೇಲೇಳುವ ಗಾಳಿ ಸಿಕ್ಕಿತ್ತು. ಸ್ವಲ್ಪ ದೂರದಲ್ಲಿ ಒಂದು ದೊಡ್ಡ ರಣಹದ್ದು, ರೆಕ್ಕೆ ಬಡಿಯದೆ ಅದೇ ಗಾಳಿಯಲ್ಲಿ ಸುತ್ತುತ್ತಿತ್ತು. ಪೈಲಟ್‌ಗಳು ಗಾಳಿ ಎಲ್ಲಿದೆ ಅಂತ ಹದ್ದುಗಳನ್ನು ನೋಡಿ ತಿಳಿದುಕೊಳ್ಳುತ್ತಾರೆ. ಅದರ ಬೆನ್ನನ್ನು ನಾನು ಮೇಲಿನಿಂದ ನೋಡಿದೆ. ಕಂದು ಗರಿ, ತುದಿಯಲ್ಲಿ ಬೆರಳಿನ ಹಾಗೆ ಬಿಡಿಬಿಡಿ. ಹದ್ದಿನ ಬೆನ್ನು ನೋಡಿದವರು ಎಷ್ಟು ಜನ ಇರ್ತಾರೆ, ಅಲ್ವಾ?

ಗಾಳಿಯಲ್ಲಿ ಏರಬೇಕಾದರೆ ಸುತ್ತಬೇಕು. ಸುತ್ತಿ ಸುತ್ತಿ ನನಗೆ ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗಾಯಿತು. ಹೆದರಿಕೆ ಬಿಟ್ಟರೂ ಹೊಟ್ಟೆ ಬಿಡಲಿಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹಾರುವ ದಿನ ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ಆಲೂ ಪರಾಠಾ ತಿನ್ನಬೇಡಿ, ಹಾಗಂತ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಸುತ್ತುವಾಗ ಕೈಯಲ್ಲಿರುವ ಕ್ಯಾಮೆರಾ ನೋಡದೆ ದೂರದ ಬೆಟ್ಟ ನೋಡಿ. ‘ಭಯ್ಯಾ, ನೇರ ಹೋಗೋಣ’ ಅಂದೆ, ಪಾಪ, ಹೋದ. ಬೆಳಗಿನ ಹೊತ್ತು ಗಾಳಿ ಮೆತ್ತಗಿರುತ್ತದೆ, ನಡುಮಧ್ಯಾಹ್ನ ಕುಲುಕಾಟ ಜಾಸ್ತಿ. ನನ್ನಂಥವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಮಳೆಗಾಲದಲ್ಲಿ ಹಾರಾಟ ನಿಲ್ಲಿಸುತ್ತಾರೆ. ಅಕ್ಟೋಬರ್, ನವೆಂಬರ್ ಅಂದರೆ ಆಕಾಶ ತಿಳಿಯಾಗಿರುತ್ತದೆ.

ಇಳಿಯುವುದು ಬೇಗ ಮುಗಿಯಿತು. ಕಾಲು ಮೇಲೆತ್ತು ಅಂದ, ಎತ್ತಿದೆ, ಹುಲ್ಲಿನ ಮೇಲೆ ಕೂತಿದ್ದೆ. ತಮ್ಮ ಮೊದಲೇ ಇಳಿದು ನಿಂತಿದ್ದ. ‘ಹೇಗಿತ್ತಕ್ಕ?’ ಅಂದ. ಐದು ನಿಮಿಷ ಮಾತಾಡಬೇಡ ಅಂತ ಕೈ ತೋರಿಸಿದೆ.

ಸಂಜೆ ಹೋಂಸ್ಟೇಯ ಟೆರೇಸಿನಲ್ಲಿ ಚಹಾ. ಪರ್ವತದ ಮೇಲೆ ಬಿಸಿಲು ಕೆಂಪಗಿತ್ತು. ತಮ್ಮ ಮೋಟುಗೋಡೆಗೆ ಒರಗಿ ನಿಂತು, ‘ಬಾರೆ, ಇಲ್ಲಿಂದ ಚೆನ್ನಾಗಿ ಕಾಣತ್ತೆ’ ಅಂದ.

‘ಇಲ್ಲಿಂದಲೇ ಕಾಣತ್ತೆ ಬಿಡು,’ ಅಂದು ಕುರ್ಚಿಯನ್ನು ಇನ್ನೊಂದಿಷ್ಟು ಹಿಂದಕ್ಕೆ ಎಳೆದುಕೊಂಡೆ.