ಒಂದು ಮಗ್ಗುಲು ಅಷ್ಟಕ್ಕಷ್ಟೇ, ಇನ್ನೊಂದು ಆಕಾಶ

ನಿನ್ನೆ ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಆಶ್ ರಾ ಟೆಂಪೆಲ್ ಬ್ಯಾಂಡಿನ 'ಸೆವೆನ್ ಅಪ್' ಆಲ್ಬಂ ಮತ್ತೆ ಕೇಳಿದೆ. ಬರ್ಲಿನ್ನಿನ ಈ ಹುಡುಗರು 1972ರ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್‌ಗೆ ಹೋಗಿ ರೆಕಾರ್ಡ್ ಮಾಡಿದ್ದು. ಜೊತೆಗಿದ್ದವರು ಅಮೆರಿಕದ ಮನಶ್ಶಾಸ್ತ್ರಜ್ಞ ಟಿಮೊತಿ ಲಿಯರಿ, ಕ್ಯಾಲಿಫೋರ್ನಿಯಾದ ಜೈಲಿಂದ ತಪ್ಪಿಸಿಕೊಂಡು ಅಲ್ಜೀರಿಯಾ ದಾಟಿ ಸ್ವಿಟ್ಜರ್‌ಲೆಂಡ್ ಸೇರಿದ್ದ, ಎಲ್‌ಎಸ್‌ಡಿ ಅನ್ನುವ ಭ್ರಮೆ ಹುಟ್ಟಿಸುವ ಮಾದಕದ ಬಗ್ಗೆ ಊರೆಲ್ಲ ಸಾರುತ್ತಿದ್ದ ಅದೇ ಲಿಯರಿ.

ರೆಕಾರ್ಡ್ ತಟ್ಟೆಗೆ ಎರಡೇ ಮಗ್ಗುಲು. ಮೊದಲನೆಯದು 'ಸ್ಪೇಸ್'. ಹೆಸರು ಕೇಳಿ ನಕ್ಷತ್ರಗಳನ್ನು ನಿರೀಕ್ಷಿಸಿದರೆ ಸಿಗುವುದು ಮಾಮೂಲಿ ಬ್ಲೂಸ್ ರಾಕ್. ಮೇಲೆ ಕೂಗಾಟ, ನಡುನಡುವೆ ಸುಂಯ್ ಅನ್ನುವ ಎಲೆಕ್ಟ್ರಾನಿಕ್ ಸದ್ದು. ನನಗೆ ಇದು ಯಾವತ್ತೂ ಹಿಡಿಸಿಲ್ಲ.

ಆದರೆ 'ಟೈಮ್'! ಆ ಮಗ್ಗುಲು ಶುರುವಾದರೆ ಎಲ್ಲ ನಿಧಾನವಾಗುತ್ತದೆ, ಮಾತು ದೂರ ಸರಿಯುತ್ತದೆ, ಕೊನೆಗೆ ಬ್ಯಾಂಡಿನ ಮಾನ್ಯುಯೆಲ್ ಗೋಟ್ಶಿಂಗ್ ಅವರ ಗಿಟಾರ್ ಎಲ್ಲೋ ಮಂಜಿನೊಳಗಿಂದ ಮೆಲ್ಲಗೆ ಎದ್ದು ಬಂದು ಎದೆಯ ಮೇಲೆ ಕೂತಂತೆ ಆಗುತ್ತದೆ. ಹಿಂದಿನ ಆಲ್ಬಂ 'ಶ್ವಿಂಗುಂಗೆನ್'ನಲ್ಲಿದ್ದ ರಾಗವನ್ನೇ ಇಲ್ಲಿ ಮತ್ತೆ ನುಡಿಸಿದ್ದಾರೆ. ಇರಲಿ ಬಿಡಿ, ಚೆನ್ನಾಗಿರೋದನ್ನ ಎರಡು ಸಲ ಕೇಳೋಕೆ ಏನು ಕಷ್ಟ? ಆಗ ಗೋಟ್ಶಿಂಗ್‌ಗೆ ಇನ್ನೂ 20 ತುಂಬಿರಲಿಲ್ಲ. ಅವರು 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಆಮೇಲೆ ಈ ಗಿಟಾರ್ ಕೇಳಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಈಗೀಗ ಅನಿಸುತ್ತಿದೆ, ಮೊದಲ ಮಗ್ಗುಲಿನ ಗಲಾಟೆ ಇಲ್ಲದಿದ್ದರೆ ಎರಡನೆಯದರ ಮೌನ ಇಷ್ಟು ಆಳವಾಗಿ ಇಳಿಯುತ್ತಿರಲಿಲ್ಲ ಅಲ್ವಾ? ಇವತ್ತು ರಾತ್ರಿ ಶುರುವಿಂದಲೇ ಕೇಳುತ್ತೇನೆ, ಏನನ್ನೂ ದಾಟಿಸದೆ.